ದಾಳಿಯಾದ ಬಂದರು, ದಾಳಿಯಾಗದ ದಾರಿ

ರಾಯಬಾಗ ತಾಲ್ಲೂಕಿನ ಅಲಖನೂರ ಹಾಗೂ ಅದರ ಆಚೀಚಿನ ಹಾರೂಗೇರಿ, ಕುಡಚಿ, ಅಥಣಿ, ಕಾಗವಾಡ ಸೀಮೆಯಲ್ಲಿ ‘ಕ್ರೂಸರ್’ ಎಂಬ ಮಾತಿಗೆ ಸಮುದ್ರದೊಡನೆ ಯಾವ ಸಂಬಂಧವೂ ಇಲ್ಲ. ಅದು ಹತ್ತು ಹನ್ನೆರಡು ಮಂದಿ ಕೂರುವ, ನೆತ್ತಿಯ ಮೇಲೆ ಸಾಮಾನು ಹೇರಲು ಕಬ್ಬಿಣದ ಕ್ಯಾರಿಯರ್ ಇರುವ, ಮದುವೆಯ ದಿಬ್ಬಣಕ್ಕೂ ಚಿಂಚಲಿ ಮಾಯಕ್ಕನ ಜಾತ್ರೆಗೂ ಕಾಶಿಯಾತ್ರೆಗೂ ಒಂದೇ ಸಮನೆ ಒದಗಿಬರುವ ಬಾಡಿಗೆ ಜೀಪಿನ ಹೆಸರು. ಅದೇ ಮೂಲದ ಇನ್ನೊಂದು ಮಾತು ‘ಕ್ರೂಸ್’, ಅಂದರೆ ನೂರಾರು, ಕೆಲವೊಮ್ಮೆ ಸಾವಿರಾರು ಜನರನ್ನು ಹೊತ್ತು ಬಂದರಿನಿಂದ ಬಂದರಿಗೆ ಸಾಗುತ್ತ, ಒಂದೊಂದು ಬಂದರಿನಲ್ಲೂ ಹಗಲಿಡೀ ನಿಂತು, ಪ್ರಯಾಣಿಕರನ್ನು ಊರು ನೋಡಲು ಇಳಿಸಿ, ಹೊತ್ತು ಮುಳುಗುವುದರೊಳಗೆ ಮತ್ತೆ ಹತ್ತಿಸಿಕೊಂಡು ಹೊರಡುವ ಪ್ರವಾಸಿ ಹಡಗಿನ ಯಾನ. ಬೆಳಗಾವಿ ದಾಟಿ ಚೋರ್ಲಾ ಘಾಟಿಯನ್ನು ಇಳಿದರೆ ಸಿಗುವ ಗೋವೆಯ ಮರ್ಮಗೋವಾ ಬಂದರಿಗೆ ಇಂಥ ಹಡಗುಗಳು ಬರುತ್ತವೆಯಾದರೂ, ಕೃಷ್ಣಾ ತೀರದ ಕಬ್ಬಿನ ಬೆಳೆಗಾರರಿಗೆ ಅವು ದೂರದ ಸಂಗತಿಗಳೇ. ಆದರೂ ಈ ಎರಡು ಬಗೆಯ ಪ್ರಯಾಣಗಳನ್ನು ಒಂದು ಪ್ರಶ್ನೆ ಒಟ್ಟಿಗೆ ಕಟ್ಟಿಹಾಕುತ್ತದೆ: ಉಗ್ರರ ದಾಳಿಗೆ ತುತ್ತಾದ ಊರಿಗೆ ಹೋಗುವುದನ್ನು ಪ್ರವಾಸಿ ಬಿಡಬೇಕೆ, ಬಿಡುವುದಾದರೆ ಎಷ್ಟು ದಿನ, ಆ ತೀರ್ಮಾನ ಯಾರದು?

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಬರಿಯ ಕಲ್ಪನೆಯಲ್ಲ. 2022ರ ನವೆಂಬರ್ 19ರ ಸಂಜೆ ಮಂಗಳೂರಿನ ಗರೋಡಿ ಬಳಿ ಚಲಿಸುತ್ತಿದ್ದ ಆಟೊರಿಕ್ಷಾದಲ್ಲಿ, ಪ್ರೆಶರ್ ಕುಕ್ಕರಿನೊಳಗೆ ಹುದುಗಿಸಿದ್ದ ಬಾಂಬು ಸಿಡಿದು, ಚಾಲಕನೂ ಅದನ್ನು ಒಯ್ಯುತ್ತಿದ್ದನೆಂಬ ಆರೋಪ ಹೊತ್ತ ಪ್ರಯಾಣಿಕನೂ ಸುಟ್ಟ ಗಾಯಗಳಿಗೆ ಈಡಾದರು. ಮರುದಿನವೇ ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಇದು ಆಕಸ್ಮಿಕವಲ್ಲ, ಭಯೋತ್ಪಾದಕ ಕೃತ್ಯ ಎಂದು ಸಾರಿದರು. ತನಿಖೆ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋಯಿತು. ಸ್ಫೋಟವಾಗಿ ಒಂಬತ್ತೇ ದಿನಕ್ಕೆ, ನವೆಂಬರ್ 28ರಂದು, ಕೋವಿಡ್‌ನಿಂದಾಗಿ ಎರಡು ವರ್ಷಗಳಿಗೂ ಹೆಚ್ಚು ಕಾಲ ಪ್ರವಾಸಿ ಹಡಗುಗಳ ಮುಖ ಕಾಣದಿದ್ದ ಪಣಂಬೂರಿನ ನವ ಮಂಗಳೂರು ಬಂದರಿಗೆ ‘ಯುರೋಪಾ 2’ ಎಂಬ ಹಡಗು, ಸುಮಾರು 270 ಪ್ರಯಾಣಿಕರನ್ನೂ ಅವರಿಗಿಂತ ನೂರರಷ್ಟು ಹೆಚ್ಚು ಸಿಬ್ಬಂದಿಯನ್ನೂ ಹೊತ್ತು, ಆ ಹಂಗಾಮಿನ ಮೊದಲ ಪ್ರವಾಸಿ ಹಡಗಾಗಿ ಬಂದು ನಿಂತಿತು. ಪ್ರಯಾಣಿಕರು ಇಳಿದರು, ಸಾಂಪ್ರದಾಯಿಕ ಸ್ವಾಗತ ಪಡೆದರು, ಬಸ್ಸು ಹತ್ತಿದರು. ಕಾರ್ಕಳದಲ್ಲಿ 1432ರಲ್ಲಿ ಎತ್ತಿ ನಿಲ್ಲಿಸಿದ ಗೊಮ್ಮಟನ ಪಾದದ ಬಳಿ ನಿಂತರು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದರಂತೆ ಇನ್ನೊಂದಿಲ್ಲದ ಕಂಬಗಳನ್ನು ನೋಡಿದರು, ಗೋಡಂಬಿ ಕಾರ್ಖಾನೆಗೆ ಹೋದರು, ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಾಲಯಕ್ಕೂ, ಇಟಲಿಯ ಆಂಟೊನಿಯೊ ಮೊಸ್ಕೆನಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದು ಗೋಡೆ ಚಾವಣಿಗಳಿಗೆಲ್ಲ ಚಿತ್ರ ಬರೆದ ಸಂತ ಅಲೋಶಿಯಸ್ ಚಾಪೆಲ್‌ಗೂ ಹೋಗಿ, ಪೇಟೆ ಸುತ್ತಿ, ಹಡಗಿಗೆ ಮರಳಿದರು. ಹಡಗು ಕೊಚ್ಚಿಯತ್ತ ಹೊರಟಿತು.

ಇದನ್ನು ಧೈರ್ಯದ ಕಥೆಯೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಆ 270 ಮಂದಿಯಲ್ಲಿ ಬಹುಪಾಲು ಜನರಿಗೆ ಧೈರ್ಯ ಮಾಡುವ ಪ್ರಸಂಗವೇ ಇರಲಿಲ್ಲ, ಯಾಕೆಂದರೆ ಯಾವ ಬಂದರಿಗೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹಡಗಿನ ಪ್ರಯಾಣಿಕ ತೀರ್ಮಾನಿಸುವುದಿಲ್ಲ. ಅವನು ತೀರ್ಮಾನಿಸುವುದು ಹಡಗಿನಿಂದ ಇಳಿಯಬೇಕೋ ಬೇಡವೋ ಎಂಬಷ್ಟನ್ನೇ. ಮಿಕ್ಕದ್ದೆಲ್ಲ ಹಡಗಿನ ಕಪ್ತಾನನಿಗೆ, ಕಂಪನಿಯ ಭದ್ರತಾ ಅಧಿಕಾರಿಗೆ ಹಾಗೂ ಬಂದರಿನ ಭದ್ರತಾ ಅಧಿಕಾರಿಗೆ ಸೇರಿದ ಕೆಲಸ. ಈ ಮೂವರ ನಡುವಿನ ವ್ಯವಹಾರಕ್ಕೆ ಒಂದು ಲಿಖಿತ ನಿಯಮವಿದೆ: ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ, ರೂಢಿಯಲ್ಲಿ ಐಎಸ್‌ಪಿಎಸ್ ಸಂಹಿತೆ. ಅಮೆರಿಕದ ಮೇಲೆ 2001ರ ಸೆಪ್ಟೆಂಬರಿನಲ್ಲಿ ನಡೆದ ದಾಳಿಯ ಬಳಿಕ ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2002ರ ಡಿಸೆಂಬರಿನಲ್ಲಿ ಅಂಗೀಕರಿಸಿ, 2004ರ ಜುಲೈ 1ರಿಂದ ಜಾರಿಗೆ ತಂದ ಈ ಸಂಹಿತೆ ಅಪಾಯವನ್ನು ಮೂರು ಮಟ್ಟಗಳಾಗಿ ವಿಂಗಡಿಸುತ್ತದೆ. ಸದಾಕಾಲವೂ ಇರಲೇಬೇಕಾದ ಕನಿಷ್ಠ ಕಾವಲು ಮೊದಲ ಮಟ್ಟ. ಅಪಾಯದ ಸಂಭವ ಹೆಚ್ಚಿದೆಯೆಂಬ ಸೂಚನೆ ಸಿಕ್ಕಾಗ ಕೆಲಕಾಲ ಬಿಗಿಗೊಳಿಸುವ ಕಾವಲು ಎರಡನೆಯದು. ದಾಳಿ ಇಂದೋ ನಾಳೆಯೋ ಎಂಬಷ್ಟು ಹತ್ತಿರವಿದೆಯೆಂದು ತಿಳಿದಾಗ ಅಲ್ಪಾವಧಿಗೆ ಹಾಕುವ ಕಟ್ಟೆಚ್ಚರ ಮೂರನೆಯದು. ಬಂದರು ಯಾವ ಮಟ್ಟದಲ್ಲಿದೆಯೋ ಅದಕ್ಕಿಂತ ಕೆಳಗಿನ ಮಟ್ಟದಲ್ಲಿ ಹಡಗು ಇರುವಂತಿಲ್ಲ. ಎರಡರ ಮಟ್ಟದಲ್ಲಿ ವ್ಯತ್ಯಾಸವಿದ್ದರೆ, ಯಾರು ಏನನ್ನು ಕಾಯಬೇಕು ಎಂಬುದನ್ನು ಬರಹದಲ್ಲಿ ಒಪ್ಪಿಕೊಂಡು ಸಹಿ ಮಾಡುವ ಪದ್ಧತಿಯೂ ಉಂಟು. ನವ ಮಂಗಳೂರು ಬಂದರಿನ ಗೇಟಿನಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಲಾರಿ ಚಾಲಕರ ಪಾಸುಗಳನ್ನು ತಿರುಗಿಸಿ ಮುರುಗಿಸಿ ನೋಡುವುದು ಈ ದೊಡ್ಡ ಏರ್ಪಾಡಿನ ಒಂದು ತುದಿ.

ಇಂಥ ಏರ್ಪಾಡು ಒಂದೇ ದಿನದಲ್ಲಿ ಹುಟ್ಟಲಿಲ್ಲ. 1985ರ ಅಕ್ಟೋಬರ್ 7ರಂದು ‘ಅಖಿಲ್ಲೆ ಲೌರೊ’ ಎಂಬ ಇಟಲಿಯ ಪ್ರವಾಸಿ ಹಡಗನ್ನು ನಾಲ್ವರು ಬಂದೂಕುಧಾರಿಗಳು ಈಜಿಪ್ಟಿನ ಕಡಲಿನಲ್ಲಿ ಅಪಹರಿಸಿ, ಗಾಲಿಕುರ್ಚಿಯಲ್ಲಿದ್ದ 69 ವರ್ಷದ ಅಮೆರಿಕದ ಪ್ರಯಾಣಿಕರೊಬ್ಬರನ್ನು ಕೊಂದು ಸಮುದ್ರಕ್ಕೆ ತಳ್ಳಿದ್ದರಿಂದ, ಹಡಗಿನ ಭದ್ರತೆ ಎಂಬ ವಿಷಯ ಮೊದಲ ಬಾರಿಗೆ ಜಗತ್ತಿನ ಕಾನೂನುಗಳಲ್ಲಿ ಗಂಭೀರವಾಗಿ ಸೇರಿಕೊಂಡಿತು. ಆ ಪ್ರಕರಣದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅಂದು ಬಹುಪಾಲು ಪ್ರಯಾಣಿಕರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು ಪಿರಮಿಡ್ಡುಗಳನ್ನು ನೋಡಲು ಹೋಗಿದ್ದರು. ಒತ್ತೆಯಾಳಾದವರು ಬಿಸಿಲೇಕೆ, ದಣಿವೇಕೆ ಎಂದು ಹಡಗಿನಲ್ಲೇ ಉಳಿದವರು. ಮೂವತ್ತು ವರ್ಷಗಳ ಬಳಿಕ ಟ್ಯುನೀಸಿಯಾದಲ್ಲಿ ನಡೆದದ್ದು ಇದಕ್ಕೆ ನೇರ ತದ್ವಿರುದ್ಧ. 2015ರ ಮಾರ್ಚ್ 18ರಂದು ಟ್ಯೂನಿಸ್ ನಗರದ ಲಾ ಗುಲೆಟ್ ಬಂದರಿನಲ್ಲಿ ‘ಕೋಸ್ಟಾ ಫಸಿನೋಸಾ’ ಮತ್ತು ‘ಎಂಎಸ್‌ಸಿ ಸ್ಪ್ಲೆಂಡಿಡಾ’ ಎಂಬ ಎರಡು ದೊಡ್ಡ ಹಡಗುಗಳು ನಿಂತಿದ್ದವು. ಅವುಗಳಿಂದ ಇಳಿದು, ರೋಮನ್ನರ ಕಾಲದ ಮೊಸಾಯಿಕ್ ಚಿತ್ರಗಳಿಗೆ ಹೆಸರಾದ ಬಾರ್ಡೊ ವಸ್ತುಸಂಗ್ರಹಾಲಯಕ್ಕೆ ಬಸ್ಸಿನಲ್ಲಿ ಹೋದವರ ಮೇಲೆ ಬಂದೂಕುಧಾರಿಗಳು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ವಿದೇಶಿ ಪ್ರವಾಸಿಗರು. ಸ್ಪೇನಿನ ದಂಪತಿ, ಹೆಂಡತಿ ಗರ್ಭಿಣಿ, ದಾಳಿ ಮುಗಿದು ಪೊಲೀಸರು ಕಟ್ಟಡವನ್ನು ವಶಕ್ಕೆ ತೆಗೆದುಕೊಂಡ ಮೇಲೂ ಅದು ಮುಗಿದಿದೆಯೆಂಬ ನಂಬಿಕೆ ಬಾರದೆ, ಸಂಗ್ರಹಾಲಯದ ನೌಕರನೊಬ್ಬನ ಆಸರೆಯಲ್ಲಿ ರಾತ್ರಿಯಿಡೀ ಅದೇ ಕಟ್ಟಡದ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದು ಮರುದಿನ ಹೊರಬಂದರು. ಹಡಗುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ, ಬಂದರಿನ ಗೇಟಿನಲ್ಲಿ ಯಾವ ಲೋಪವೂ ಆಗಿರಲಿಲ್ಲ. ಕಾವಲು ಬಿಗಿಯಾಗಿದ್ದುದು ಬಂದರಿನಲ್ಲಿ, ಪ್ರವಾಸಿ ಇದ್ದುದು ಸಂಗ್ರಹಾಲಯದಲ್ಲಿ.

‘ಬಂದರನ್ನು ಬಿಡಬೇಕೆ’ ಎಂಬ ಪ್ರಶ್ನೆ ತಪ್ಪು ಜಾಗಕ್ಕೆ ಬೊಟ್ಟು ಮಾಡುತ್ತದೆ ಎನ್ನುವುದಕ್ಕೆ ಇಷ್ಟು ಸಾಕು. ಆದರೆ ಅದಕ್ಕೆ ಸಾಮಾನ್ಯವಾಗಿ ಸಿಗುವ ಇನ್ನೊಂದು ಉತ್ತರ, ಅಂದರೆ ದಾಳಿಯಾದ ಊರೇ ದಾಳಿಯ ಮರುವಾರ ಜಗತ್ತಿನಲ್ಲಿ ಅತಿ ಸುರಕ್ಷಿತವಾದ ಜಾಗ ಎಂಬ ಮಾತು, ಅರ್ಧ ಮಾತ್ರ ನಿಜ. ಪೊಲೀಸರು ಬೀದಿ ತುಂಬ ನಿಲ್ಲುವುದು ನಿಜ, ಅನುಮಾನ ಬಂದವರನ್ನೆಲ್ಲ ತಡೆದು ಕೇಳುವುದು ನಿಜ. ಆದರೆ ಟ್ಯುನೀಸಿಯಾದಲ್ಲಿ ಬಾರ್ಡೊ ದಾಳಿಯಾಗಿ ನೂರು ದಿನ ತುಂಬುವಷ್ಟರಲ್ಲಿ, ಅದೇ ವರ್ಷದ ಜೂನ್ 26ರಂದು, ಸೂಸ್ ಬಳಿಯ ಕಡಲತೀರದ ಹೋಟೆಲಿನಲ್ಲಿ ಒಬ್ಬನೇ ಬಂದೂಕುಧಾರಿ 38 ಮಂದಿಯನ್ನು ಕೊಂದ. ಅವರಲ್ಲಿ 30 ಜನ ಬ್ರಿಟಿಷರು. ಬ್ರಿಟನ್ ಸರ್ಕಾರ ಆಮೇಲೆ ತನ್ನ ಪ್ರಜೆಗಳಿಗೆ ಅಲ್ಲಿಗೆ ಅನಿವಾರ್ಯವಲ್ಲದ ಪ್ರಯಾಣ ಬೇಡವೆಂದು ಹೇಳಿದ ಸೂಚನೆಯನ್ನು ದೇಶದ ಬಹುಭಾಗಕ್ಕೆ ಸಡಿಲಿಸಿದ್ದು 2017ರ ಜುಲೈನಲ್ಲಿ. ಮೊದಲ ದಾಳಿ ಯಾವ ಬಿರುಕಿನಿಂದ ಒಳಬಂತೋ ಆ ಬಿರುಕನ್ನು ಮುಚ್ಚಿದ್ದಾರೆಯೇ ಎಂಬುದು ಬೇರೆ, ಬಿರುಕಿನ ಮುಂದೆ ಹತ್ತು ಜನ ಪೊಲೀಸರು ನಿಂತಿದ್ದಾರೆಯೇ ಎಂಬುದು ಬೇರೆ. ಬಾರ್ಡೊದ ಬಾಗಿಲಿನಲ್ಲಿ ಕಾವಲು ಹೆಚ್ಚಿತು. ಸೂಸ್‌ನ ಮರಳಿನ ಮೇಲೆ ಛತ್ರಿಗಳ ಕೆಳಗೆ ಮಲಗಿದ್ದವರ ಬಳಿ ಅದು ತಲುಪಿರಲಿಲ್ಲ.

ಹಡಗಿನ ಕಂಪನಿಗಳು ಇಂಥ ಹೊತ್ತಿನಲ್ಲಿ ಯೋಚಿಸುವ ಬಗೆ ಬಹಳ ಸರಳ. ಬಾರ್ಡೊ ದಾಳಿಯ ಬೆನ್ನಲ್ಲೇ ಆ ಎರಡು ಹಡಗುಗಳ ಕಂಪನಿಗಳು ಟ್ಯೂನಿಸ್ ಅನ್ನು ತಮ್ಮ ಪಟ್ಟಿಯಿಂದ ತೆಗೆದು ಮೆಡಿಟರೇನಿಯನ್ನಿನ ಬೇರೆ ಬಂದರುಗಳನ್ನು ಸೇರಿಸಿಕೊಂಡವು. ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಕರಾರು ಅವರಿಗೆ ಆ ಸ್ವಾತಂತ್ರ್ಯವನ್ನು ಮೊದಲೇ ಕೊಟ್ಟಿರುತ್ತದೆ: ಯಾವುದೇ ಬಂದರನ್ನು ಯಾವುದೇ ಕಾರಣಕ್ಕೆ ಬಿಡಬಹುದು, ಬಿಟ್ಟರೆ ಪ್ರಯಾಣಿಕನಿಗೆ ಹೆಚ್ಚೆಂದರೆ ಆ ಬಂದರಿನ ಶುಲ್ಕವಷ್ಟೇ ವಾಪಸು. ಹಡಗಿಗೆ ಒಂದು ಬಂದರು ಹೋದರೆ ಇನ್ನೊಂದು ಸಿಗುತ್ತದೆ. ಬಂದರಿಗೆ ಹಡಗು ಹೋದರೆ ಇನ್ನೊಂದು ಬರುವುದು ಕಷ್ಟ. ಲಾ ಗುಲೆಟ್‌ನಲ್ಲಿ ದೊಡ್ಡ ಹಡಗುಗಳು ಹಿಂದಿನಂತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿದವು. ಇನ್ನು ದಾಳಿಯೇ ಆಗದ ಬಂದರೂ ದಾಳಿಯ ಬೆಲೆ ತೆರುವುದುಂಟು. 2023ರ ನವೆಂಬರಿನಿಂದ ಯೆಮನ್‌ನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬೀಳತೊಡಗಿದಾಗ, ಯುರೋಪಿನಿಂದ ಸೂಯೆಜ್ ಕಾಲುವೆಯ ದಾರಿಯಲ್ಲಿ ಚಳಿಗಾಲಕ್ಕೆ ಪೂರ್ವದತ್ತ ಹೊರಡುತ್ತಿದ್ದ ಪ್ರವಾಸಿ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಯಿತು, ಇಲ್ಲವೇ ಬರುವುದನ್ನೇ ಕೈಬಿಡಬೇಕಾಯಿತು. ಪಣಂಬೂರಿನ ಟ್ಯಾಕ್ಸಿಯವರಿಗೂ ಯೆಮನ್ನಿನ ಜಗಳಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಆ ಕಾಲುವೆಯಷ್ಟು ಉದ್ದ.

ಚಿಕ್ಕೋಡಿ, ರಾಯಬಾಗ ಭಾಗದ ಜನರಿಗೆ ಈ ಪ್ರಶ್ನೆ ಹಡಗಿನ ರೂಪದಲ್ಲಲ್ಲ, ಕಣಿವೆಯ ರೂಪದಲ್ಲಿ ಎದುರಾದದ್ದು 2025ರ ಏಪ್ರಿಲ್ 22ರಂದು. ಅಂದು ಕಾಶ್ಮೀರದ ಪಹಲ್ಗಾಮಿನ ಮೇಲ್ಭಾಗದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಗಂಡಸರನ್ನು ಹೆಂಡತಿ ಮಕ್ಕಳ ಎದುರಿನಲ್ಲೇ ಗುಂಡಿಕ್ಕಿದರು. ಸತ್ತವರಲ್ಲಿ ಒಬ್ಬರು ಶಿವಮೊಗ್ಗದವರು, ಇಬ್ಬರು ಬೆಂಗಳೂರಿನಲ್ಲಿ ನೆಲೆಸಿದವರು. ಪ್ರವಾಸಿಗರನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ ಸ್ಥಳೀಯ ಕುದುರೆಯಾಳೊಬ್ಬರೂ ಆ 26ರಲ್ಲಿ ಸೇರಿದ್ದಾರೆ. ರಾಜ್ಯ ಸರ್ಕಾರ ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರನ್ನು ಕಾಶ್ಮೀರಕ್ಕೆ ಕಳುಹಿಸಿ, ಅಲ್ಲಿ ಸಿಲುಕಿದ್ದ 170ಕ್ಕೂ ಹೆಚ್ಚು ಕನ್ನಡಿಗರನ್ನು ವಿಶೇಷ ವಿಮಾನದಲ್ಲಿ ಕರೆತಂದಿತು. ಜಮ್ಮು ಮತ್ತು ಕಾಶ್ಮೀರದ ಆಡಳಿತ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತು. ದಾಳಿಗೆ ಉತ್ತರವಾಗಿ ಭಾರತ ಮೇ 7ರಂದು ನಡೆಸಿದ ಸೇನಾ ಕಾರ್ಯಾಚರಣೆಯ ಬಳಿಕ ಉತ್ತರ ಭಾರತದ ಹಲವು ವಿಮಾನ ನಿಲ್ದಾಣಗಳು ಕೆಲದಿನ ಬಾಗಿಲು ಹಾಕಿದವು. ಹಿಂದಿನ ವರ್ಷ, ವೈಷ್ಣೋದೇವಿಯ ಯಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿದರೆ, ಸುಮಾರು 2.36 ಕೋಟಿ ಜನ ಬಂದುಹೋಗಿದ್ದ ಪ್ರದೇಶ ಅದು.

ಬೈಸರನ್ನಿನ ಪಾಠ ಬಾರ್ಡೊದ ಪಾಠವೇ ಆಗಿದ್ದು ಕಾಕತಾಳೀಯವಲ್ಲ. ಪಹಲ್ಗಾಮ್ ಪೇಟೆಯಿಂದ ನಡೆದೋ ಕುದುರೆಯ ಮೇಲೋ ಮಾತ್ರ ಏರಬಹುದಾದ, ವಾಹನ ಹೋಗದ ಆ ಹುಲ್ಲುಗಾವಲಿನಲ್ಲಿ ದಾಳಿಯ ಹೊತ್ತಿಗೆ ಕಾವಲು ಇರಲಿಲ್ಲ. ಜುಲೈನಲ್ಲಿ ಉಪರಾಜ್ಯಪಾಲ ಮನೋಜ್ ಸಿನ್ಹಾ ಅವರೇ ಅದು ಭದ್ರತಾ ವೈಫಲ್ಯವೆಂದು ಒಪ್ಪಿಕೊಂಡು ಅದರ ಹೊಣೆಯನ್ನು ಹೊತ್ತರು. ಹೆದ್ದಾರಿಯುದ್ದಕ್ಕೂ ಮಾರುದ್ದಕ್ಕೊಬ್ಬ ಸೈನಿಕನನ್ನು ಕಂಡು ಮೇಲೇರಿದ ಪ್ರವಾಸಿಗೆ, ಕೊನೆಯ ಕೆಲವೇ ಕಿಲೊಮೀಟರುಗಳಲ್ಲಿ ಕಾವಲು ಇಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ಅದೇ ವರ್ಷದ ಅಮರನಾಥ ಯಾತ್ರೆ ಮಾತ್ರ ನಿಲ್ಲಲಿಲ್ಲ. ಜುಲೈ 3ರಂದು ಆರಂಭವಾಗಿ, ಮಳೆಯ ಕಾರಣಕ್ಕೆ ನಿಗದಿಗಿಂತ ಒಂದು ವಾರ ಮುಂಚೆ ಮುಗಿದರೂ, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹೋಗಿಬಂದರು. ಹಿಂದಿನ ವರ್ಷದ ಐದು ಲಕ್ಷಕ್ಕೆ ಹೋಲಿಸಿದರೆ ಇದು ಕಡಿಮೆ, ಆದರೆ ದಾಳಿಯಾದ ಪಹಲ್ಗಾಮೇ ಆ ಯಾತ್ರೆಯ ಎರಡು ದಾರಿಗಳಲ್ಲಿ ಒಂದರ ಮೂಲಶಿಬಿರ ಎಂಬುದನ್ನು ನೆನೆದರೆ ಕಡಿಮೆಯೇನಲ್ಲ. ವ್ಯತ್ಯಾಸ ಭಕ್ತಿಯದಷ್ಟೇ ಅಲ್ಲ. ಯಾತ್ರೆಗೆ ಮೊದಲೇ ಹೆಸರು ನೋಂದಾಯಿಸಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಕೊರಳಲ್ಲಿ ಗುರುತಿನ ಕಾರ್ಡು ತೂಗಬೇಕು, ವಾಹನಗಳು ಬೆಂಗಾವಲಿನೊಡನೆ ಸಾಲಾಗಿ, ಗೊತ್ತಾದ ಹೊತ್ತಿಗೇ ಹೊರಡಬೇಕು, ಸಾಲು ತಪ್ಪಿದವರು ಮರುದಿನದವರೆಗೆ ಕಾಯಬೇಕು. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ಒಬ್ಬರ ಬಳಿ ಇರುತ್ತದೆ. ಅಂದರೆ ನೆಲದ ಮೇಲೆ ನಡೆಯುವ ಪ್ರಯಾಣಗಳಲ್ಲಿ ಹಡಗಿನ ಪ್ರಯಾಣವನ್ನು ಹೆಚ್ಚು ಹೋಲುವುದು ಈ ಯಾತ್ರೆ.

ಇದಕ್ಕೂ ಹಿಂದೆ, 2008ರ ನವೆಂಬರ್ 26ರ ರಾತ್ರಿ, ಸಮುದ್ರದ ದಾರಿಯಲ್ಲಿ ಬಂದು ಮುಂಬಯಿಯ ಕೊಲಾಬಾದ ಮೀನುಗಾರರ ಕೇರಿಯಲ್ಲಿ ಇಳಿದ ಹತ್ತು ಮಂದಿ 166 ಜೀವಗಳನ್ನು ತೆಗೆದಾಗ, ಗಡಿ ಭಾಗದ ಜನರಿಗೆ ತಾಜ್ ಹೋಟೆಲಿಗಿಂತ ಹತ್ತಿರದ್ದೆನಿಸಿದ್ದು ಛತ್ರಪತಿ ಶಿವಾಜಿ ರೈಲು ನಿಲ್ದಾಣ. ಕುಡಚಿ, ರಾಯಬಾಗಗಳಿಂದ ಮೀರಜಿಗೆ ಹೋಗಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುತ್ತಲೇ ಇಳಿಯುವುದು ಅಲ್ಲೇ. ಅಲ್ಲಿ ಸತ್ತ 58 ಮಂದಿ ವಿಹಾರಕ್ಕೆ ಬಂದವರಲ್ಲ. ಬಹುಪಾಲು ಗಂಟುಮೂಟೆ ಪಕ್ಕದಲ್ಲಿಟ್ಟುಕೊಂಡು ರೈಲಿಗೆ ಕಾಯುತ್ತಿದ್ದವರು. ಮರುದಿನ ಬೆಳಗ್ಗೆ ರೈಲುಗಳು ಓಡಿದವು. ತಾಜ್ ಹೋಟೆಲಿನ ಒಂದು ಭಾಗ ಮತ್ತೆ ತೆರೆದದ್ದು ಡಿಸೆಂಬರ್ 21ಕ್ಕೆ. ಬಿಡುವ ಆಯ್ಕೆ ಇರುವವನು ಪ್ರವಾಸಿ ಮಾತ್ರ. ಕೂಲಿಗೆ, ನೌಕರಿಗೆ, ಆಸ್ಪತ್ರೆಗೆ ಹೋಗುವವನಿಗೆ ದಾಳಿಯಾದ ಊರೂ ನಾಳೆಯ ಊರೇ.

ಹಾಗಾದರೆ ಪ್ರವಾಸಿಯ ಭಯ ಅಸಂಬದ್ಧವೇ? ಅದನ್ನು ಅಳೆಯಲು ವಿದ್ವಾಂಸರು ಹೂಡಿದ ಲೆಕ್ಕಗಳಲ್ಲಿ ಒಂದು ಬಹಳ ಪ್ರಸಿದ್ಧ. ಜರ್ಮನಿಯ ಮನಶ್ಶಾಸ್ತ್ರಜ್ಞ ಗೆರ್ಡ್ ಗಿಗರೆಂಜರ್, 2001ರ ದಾಳಿಯ ಮುಂದಿನ ಹನ್ನೆರಡು ತಿಂಗಳಲ್ಲಿ ವಿಮಾನಕ್ಕೆ ಹೆದರಿ ಕಾರಿನಲ್ಲಿ ಹೊರಟ ಅಮೆರಿಕನ್ನರಲ್ಲಿ ಎಷ್ಟು ಮಂದಿ ಹೆಚ್ಚುವರಿಯಾಗಿ ರಸ್ತೆಯಲ್ಲಿ ಸತ್ತರೆಂದು ಅಂದಾಜು ಮಾಡಿದಾಗ, ಬಂದ ಸಂಖ್ಯೆ ಸುಮಾರು 1,500. ಅಪಹರಣಕ್ಕೊಳಗಾದ ನಾಲ್ಕು ವಿಮಾನಗಳಲ್ಲಿದ್ದ ಪ್ರಯಾಣಿಕರ ಸಂಖ್ಯೆಗಿಂತ ಇದು ಹಲವು ಪಟ್ಟು ಹೆಚ್ಚು. ಭಾರತದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಬೆಳಗಾವಿ ಜಿಲ್ಲೆಗೆ ಈ ಲೆಕ್ಕ ಇನ್ನೂ ಹತ್ತಿರ ಬಂದದ್ದು 2025ರ ಆರಂಭದಲ್ಲಿ: ಪ್ರಯಾಗರಾಜದ ಕುಂಭಮೇಳದಲ್ಲಿ ಜನವರಿ 29ರ ಮೌನಿ ಅಮಾವಾಸ್ಯೆಯ ನೂಕುನುಗ್ಗಲಿನಲ್ಲಿ ಸತ್ತವರ ಪೈಕಿ ನಾಲ್ವರು ಬೆಳಗಾವಿಯವರು, ಫೆಬ್ರುವರಿ 24ರ ಮುಂಜಾವ ಕುಂಭದಿಂದ ಮರಳುತ್ತಿದ್ದ ಜೀಪು ಮಧ್ಯಪ್ರದೇಶದ ಜಬಲಪುರದ ಬಳಿ ಬಸ್ಸಿಗೆ ಬಡಿದು ಸತ್ತವರು ಗೋಕಾಕದ ಆರು ಮಂದಿ. ಎರಡು ತಿಂಗಳ ಬಳಿಕ ಪಹಲ್ಗಾಮಿನ ಸುದ್ದಿ ಬಂದಾಗ ಕಾಶ್ಮೀರದ ಪ್ರವಾಸಗಳು ರದ್ದಾದವು. ಜಬಲಪುರದ ಹೆದ್ದಾರಿಯನ್ನು ರದ್ದು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಊರ ಬಾಗಿಲಲ್ಲೇ ಇರುವ ಅಪಾಯ ಇದಕ್ಕಿಂತಲೂ ಕಣ್ಣಿಗೆ ಬೀಳದ್ದು. ಕಬ್ಬು ನುರಿಸುವ ಹಂಗಾಮಿನಲ್ಲಿ ಹಾರೂಗೇರಿಯಿಂದ ಉಗಾರದತ್ತ ರಾತ್ರಿ ಹೊರಟವರು ಎದುರಿಸುವುದು, ಎರಡೆರಡು ಟ್ರೇಲರುಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು, ಇಕ್ಕೆಲಕ್ಕೂ ಮಾರು ಮಾರು ಕಬ್ಬು ಚಾಚಿಕೊಂಡು, ಹಿಂಬದಿಗೆ ಒಂದು ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ, ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು ತೆವಳುವ ಟ್ರ್ಯಾಕ್ಟರನ್ನು. ಹೆಡ್‌ಲೈಟಿನ ಬೆಳಕಿಗೆ ಮೊದಲು ಕಾಣುವುದು ಕಬ್ಬಿನ ಒಣ ರವದಿ, ಆಮೇಲೆ ಕಬ್ಬಿಣ. ಆ ಎರಡರ ನಡುವೆ ಬ್ರೇಕು ಒತ್ತಲು ಸಿಗುವ ಸಮಯವೇ ಆ ಸೀಮೆಯ ಮಂದಿಯ ಆಯುಷ್ಯ.

ಆದರೂ ಲೆಕ್ಕದ ಬಲದಿಂದಲೇ ಭಯವನ್ನು ಗದರಿಸುವುದು ನ್ಯಾಯವಲ್ಲ. ಟ್ರೇಲರು ಯಾರನ್ನೂ ಹೆಸರು ಕೇಳಿ ಕೊಲ್ಲುವುದಿಲ್ಲ. ಬೈಸರನ್ನಿನಲ್ಲಿ ಕೊಂದವರು ಧರ್ಮ ಕೇಳಿ, ಆಯ್ದು ಕೊಂದರು; ಬಾರ್ಡೊದಲ್ಲಿ ಕೊಂದವರಿಗೆ ಪ್ರವಾಸಿಯೇ ಬೇಕಾಗಿದ್ದ. ಅಪಘಾತಕ್ಕೆ ಉದ್ದೇಶವಿಲ್ಲ, ದಾಳಿಗೆ ಉದ್ದೇಶವಿದೆ, ಉದ್ದೇಶವಿದ್ದದ್ದು ಮರಳಿ ಬರಬಲ್ಲದು ಎಂಬ ಎಣಿಕೆ ಮನುಷ್ಯನ ಮನಸ್ಸಿನ ದೌರ್ಬಲ್ಯವಲ್ಲ, ಅದು ವಿವೇಕದ ಒಂದು ಬಗೆ. ಹೀಗಾಗಿ, ದಾಳಿ ನಡೆದ ವಾರವೇ ಮಕ್ಕಳನ್ನು ಕರೆದುಕೊಂಡು ಹೊರಡಲು ಮನಸ್ಸಾಗದವರನ್ನು ಹೇಡಿಗಳೆನ್ನುವುದು ತಪ್ಪು, ಸರ್ಕಾರವೇ ಬೇಲಿ ಹಾಕಿದ ತಾಣಕ್ಕೆ ಕುದುರೆಯವನ ಕೈಗೆ ನೂರು ರೂಪಾಯಿ ಹೆಚ್ಚಿಗೆ ತುರುಕಿ ನುಸುಳುವವರನ್ನು ಧೀರರೆನ್ನುವುದು ಇನ್ನೂ ದೊಡ್ಡ ತಪ್ಪು. ಬೆಂಗಳೂರು ಇಂಥ ಹೊತ್ತಿನಲ್ಲಿ ಎರಡೂ ಬಗೆಯಲ್ಲಿ ನಡೆದುಕೊಂಡಿದೆ. 2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೋಡೆಯ ಬಳಿ ಬಾಂಬು ಸಿಡಿದಾಗ ಅಂದಿನ ಐಪಿಎಲ್ ಪಂದ್ಯ ಒಂದು ತಾಸು ತಡವಾಗಿ ಆರಂಭಗೊಂಡು ಮುಗಿಯಿತು. ಮರುವಾರ ಅಲ್ಲೇ ನಡೆಯಬೇಕಿದ್ದ ಸೆಮಿಫೈನಲ್ ಪಂದ್ಯಗಳನ್ನು ಮಾತ್ರ ನವಿ ಮುಂಬಯಿಗೆ ಒಯ್ದರು. ಎರಡು ತೀರ್ಮಾನಗಳೂ ಒಟ್ಟಿಗೆ ಸರಿಯಿರಬಹುದು: ಒಳಗೆ ಕೂತ ಸಾವಿರಾರು ಜನರನ್ನು ಗಾಬರಿಯಲ್ಲಿ ಒಮ್ಮೆಲೇ ಬೀದಿಗೆ ಬಿಡುವುದಕ್ಕಿಂತ ಆಟ ಆಡಿಸುವುದು ಲೇಸು, ತನಿಖೆ ನಡೆದಿರುವ ಊರಿನಲ್ಲಿ ಮತ್ತೆ ಜನ ಸೇರಿಸುವುದಕ್ಕಿಂತ ಜಾಗ ಬದಲಿಸುವುದು ಲೇಸು.

ಇಷ್ಟೆಲ್ಲದರಿಂದ ಹೊರಡುವ ಅಭಿಪ್ರಾಯವಿದು: ಹಡಗಿನ ಪ್ರಯಾಣಿಕನು ದಾಳಿಯಾದ ಬಂದರನ್ನು ಬಿಡಬೇಕಾದ ಅಗತ್ಯ ಬಹುತೇಕ ಇಲ್ಲ, ಯಾಕೆಂದರೆ ಬಿಡಬೇಕಾದ ಸ್ಥಿತಿಯಲ್ಲಿ ಹಡಗೇ ಅದನ್ನು ಬಿಡುತ್ತದೆ, ಅವನು ವಿಚಾರಿಸಬೇಕಾದದ್ದು ಬಂದರಿನಿಂದ ಹೊರಟ ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿ ಯಾರು ಕಾಯುತ್ತಾರೆ ಎಂಬುದನ್ನು. ನಿಜವಾದ ಕೊರತೆ ಇರುವುದು ನೆಲದ ಪ್ರಯಾಣದಲ್ಲಿ. ಅಲಖನೂರಿನಂಥ ಊರಿನಿಂದ ಕಬ್ಬಿನ ಬಿಲ್ಲು ಕೈಸೇರಿದ ಮೇಲೆ ಹತ್ತು ಹನ್ನೆರಡು ಜನ ಸೇರಿ ಕ್ರೂಸರ್ ಗೊತ್ತುಮಾಡಿ ಉತ್ತರಕ್ಕೆ ಹೊರಡುವಾಗ, ಕ್ಯಾರಿಯರ್ ಮೇಲೆ ತಾಡಪಾಲು ಹೊದಿಸಿ ಗ್ಯಾಸಿನ ಒಲೆ, ಅಕ್ಕಿ, ಬೇಳೆ, ಕಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಡಬ್ಬಿಗಳನ್ನು ಹಗ್ಗ ಬಿಗಿದು ಕಟ್ಟುವಲ್ಲಿ ತೋರುವ ಜಾಗರೂಕತೆಯ ಅರ್ಧದಷ್ಟೂ ಚಾಲಕ ಒಬ್ಬನೋ ಇಬ್ಬರೋ ಎಂದು ಕೇಳುವಲ್ಲಿ ತೋರುವುದಿಲ್ಲ. ದಾರಿಯಲ್ಲಿ ಯಾವ ತಾಣ ಮುಚ್ಚಿದೆ, ಯಾವುದು ತೆರೆದಿದೆ, ಮುಂದಿನ ಜಿಲ್ಲೆಯಲ್ಲಿ ಏನಾಗಿದೆ ಎಂದು ಹೇಳುವ ಭದ್ರತಾ ಅಧಿಕಾರಿ ಆ ಜೀಪಿಗಿಲ್ಲ. ಮೂರು ಮಟ್ಟಗಳ ಸಂಹಿತೆಯಂತೂ ಇಲ್ಲವೇ ಇಲ್ಲ. ಹೋಗುವುದೋ ಬೇಡವೋ ಎಂಬುದನ್ನು ಕಡೆಗೆ ತೀರ್ಮಾನಿಸುವುದು ಮುಂಗಡ ಕೊಟ್ಟ ಹಣ. ಪ್ರವಾಸ ನಡೆಸುವವನು ಅದನ್ನು ವಾಪಸು ಕೊಡಲು ಹಿಂದೆಮುಂದೆ ನೋಡುತ್ತಾನೆ, ವಿಮೆ ಮಾಡಿಸಿದ್ದರೂ ಮನಸ್ಸಿಗೆ ಹೆದರಿಕೆಯಾಯಿತು ಎಂಬ ಕಾರಣಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ, ಕೊಟ್ಟದ್ದು ಹೋಗುತ್ತದಲ್ಲ ಎಂದು ಹನ್ನೆರಡು ಜನರಲ್ಲಿ ಹತ್ತು ಜನ ಹೊರಟೇಬಿಡುತ್ತಾರೆ. ಪಹಲ್ಗಾಮಿನ ಬಳಿಕ ವಿಮಾನ ಕಂಪನಿಗಳು ಸರ್ಕಾರದ ಸೂಚನೆಯ ಮೇರೆಗೆ ಶ್ರೀನಗರದ ಟಿಕೆಟ್ಟುಗಳಿಗೆ ರದ್ದತಿ ಶುಲ್ಕವನ್ನು ಕೆಲದಿನ ಬಿಟ್ಟುಕೊಟ್ಟವು. ಬಾಡಿಗೆ ಜೀಪಿಗೆ, ಕೈಬರಹದ ರಸೀದಿಯ ಮುಂಗಡಕ್ಕೆ ಅಂಥ ಸೂಚನೆ ಹೊರಡಿಸುವವರು ಯಾರು?

ಹಡಗಿನಲ್ಲಿ ಇನ್ನೊಂದು ಸಣ್ಣ ಏರ್ಪಾಡಿದೆ. ಇಳಿಯುವ ಪ್ರತಿಯೊಬ್ಬನ ಕಾರ್ಡನ್ನೂ ಮೆಟ್ಟಿಲ ಬಳಿ ಯಂತ್ರಕ್ಕೆ ತೋರಿಸಬೇಕು, ಹತ್ತುವಾಗ ಮತ್ತೆ ತೋರಿಸಬೇಕು. ಹಗ್ಗ ಬಿಚ್ಚುವ ಮೊದಲು ಎಷ್ಟು ಮಂದಿ ಮರಳಿಲ್ಲ, ಅವರು ಯಾರು, ಯಾವ ಬಸ್ಸಿನಲ್ಲಿ ಹೋಗಿದ್ದರು ಎಂಬುದು ಕಪ್ತಾನನಿಗೆ ಗೊತ್ತಿರುತ್ತದೆ. ಕ್ರೂಸರಿನಲ್ಲಿ ಆ ಕೆಲಸ ಅಡುಗೆಗೆಂದು ಜೊತೆಯಲ್ಲಿ ಬಂದವಳದ್ದೋ, ಗುಂಪಿನ ಹಿರಿಯನದ್ದೋ. ಧಾಬಾದಿಂದ ಹೊರಡುವಾಗ ಒಬ್ಬರು ಕೆಳಗಿಳಿದು ಬಾಗಿಲ ಬಳಿ ನಿಂತು, ಬೆರಳು ಮಡಚುತ್ತ, ಹಿಂದಿನ ಸೀಟಿನಲ್ಲಿ ಮಲಗಿದ ಹುಡುಗನನ್ನೂ ಒಮ್ಮೆ ತಟ್ಟಿ ನೋಡಿ, ಹನ್ನೆರಡು ಆದವೆಂದ ಮೇಲೆಯೇ ಚಾಲಕ ಚಾವಿ ತಿರುವುತ್ತಾನೆ.